ಎಲ್ಲರ ಬಾಯಲ್ಲೂ ಅವರ ಹಾಡು: ಡೀ ಟೋಟೆನ್ ಹೋಜೆನ್ ಬಗ್ಗೆ ಒಂದಿಷ್ಟು

(ಸಂಗೀತ ಕೇಳುವವರ ಒಂದು ಬಳಗದಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2013ರ ಸೆಪ್ಟೆಂಬರ್ 22. ಜರ್ಮನಿಯಲ್ಲಿ ಚುನಾವಣೆ ಮುಗಿದ ರಾತ್ರಿ. ಆಂಗೆಲಾ ಮೆರ್ಕೆಲ್ ಅವರ ಪಕ್ಷ ಭರ್ಜರಿಯಾಗಿ ಗೆದ್ದಿದೆ. ಬರ್ಲಿನ್ನಿನ ಪಕ್ಷದ ಕಚೇರಿಯಲ್ಲಿ ಸಂಭ್ರಮವೋ ಸಂಭ್ರಮ. ಸೂಟು ಹಾಕಿದ ದೊಡ್ಡ ದೊಡ್ಡ ನಾಯಕರು ವೇದಿಕೆ ಮೇಲೆ ಚಪ್ಪಾಳೆ ತಟ್ಟುತ್ತಾ ನಿಂತಿದ್ದಾರೆ. ಸಂಸದೀಯ ಪಕ್ಷದ ನಾಯಕ ಫೋಲ್ಕರ್ ಕೌಡರ್ ಕೈಯಲ್ಲಿ ಮೈಕು. ಜೋರಾಗಿ ಹಾಡುತ್ತಿದ್ದಾರೆ. ಹಾಡು ಯಾರದು? ಒಂದು ಪಂಕ್ ಬ್ಯಾಂಡಿನದು. ಅದೂ ಈ ಪಕ್ಷವನ್ನು ಜನ್ಮದಲ್ಲಿ ಇಷ್ಟಪಡದ ಬ್ಯಾಂಡಿನದು.

ಆ ಬ್ಯಾಂಡಿನ ಹೆಸರು ಡೀ ಟೋಟೆನ್ ಹೋಜೆನ್. ಹಾಡಿನ ಹೆಸರು 'ಟಾಗೆ ವೀ ಡೀಜೆ', ಅಂದರೆ 'ಇಂಥ ದಿನಗಳು'. ಚುನಾವಣಾ ಪ್ರಚಾರದಲ್ಲಿ ಪಕ್ಷಗಳು ತಮ್ಮ ಹಾಡು ಬಳಸುವುದು ಇಷ್ಟವಿಲ್ಲ ಎಂದು ಬ್ಯಾಂಡು ಮೊದಲೇ ಹೇಳಿತ್ತು. ಯಾರು ಕೇಳುತ್ತಾರೆ? ಕೆಲವು ದಿನ ಬಿಟ್ಟು ಬ್ಯಾಂಡಿನ ಗಾಯಕನಿಗೆ ಫೋನ್ ಬಂತು. ಆ ಕಡೆ ಸಾಕ್ಷಾತ್ ಮೆರ್ಕೆಲ್. ನಿಮ್ಮ ಹಾಡನ್ನು ನಾವು ಹಾಳು ಮಾಡಿಬಿಟ್ಟೆವು ಎಂಬ ಧಾಟಿಯಲ್ಲಿ ಮಾತಾಡಿ, ಇದು ನಮ್ಮ ಪಕ್ಷಗೀತೆ ಆಗುವುದಿಲ್ಲ, ಹೆದರಬೇಡಿ ಎಂದು ಸಮಾಧಾನ ಹೇಳಿದರಂತೆ. ಇದನ್ನು ಆ ಗಾಯಕನೇ ಆಮೇಲೆ ನಗುತ್ತಾ ಹೇಳಿಕೊಂಡರು.

ಇವತ್ತು ನಾನು ಮಾತಾಡಬೇಕೆಂದುಕೊಂಡಿದ್ದು ಈ ಫಜೀತಿಯ ಬಗ್ಗೆಯೇ. ಪಂಕ್ ಎಂದರೆ ಮನೆಯವರಿಗೆ, ಮೇಷ್ಟರಿಗೆ, ಸರ್ಕಾರಕ್ಕೆ ಕಿರಿಕಿರಿ ಮಾಡುವ ಸಂಗೀತ ಅಂತ ತಾನೆ ನಾವು ಓದಿದ್ದು? ಅಂಥ ಸಂಗೀತ ನಲವತ್ತು ವರ್ಷ ಬದುಕಿದರೆ, ಇಡೀ ದೇಶವೇ ಅದನ್ನು ಹಾಡಲು ಶುರು ಮಾಡಿದರೆ ಏನಾಗುತ್ತದೆ? "ಅವರು ಮಾರಿಕೊಂಡರು" ಅಂತ ಜರ್ಮನಿಯ ಹಳೇ ಪಂಕ್‌ಗಳು ಗೊಣಗುತ್ತಲೇ ಇರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಫಜೀತಿಯ ಬೀಜ ಅವರ ಮೊದಲ ವರ್ಷಗಳ ಒಂದು ಹಾಡಿನಲ್ಲೇ ಇದೆ.

ಮೊದಲು ಅವರ ಊರು. ಡ್ಯೂಸೆಲ್‌ಡಾರ್ಫ್ ರೈನ್ ನದಿಯ ದಡದ ದುಡ್ಡಿನ ಊರು. ಬ್ಯಾಂಕು, ಫ್ಯಾಷನ್, ಜಾಹೀರಾತು ಕಂಪನಿಗಳು. ನಿರುದ್ಯೋಗ, ಹೊಗೆ, ಬಡತನದ ಮಧ್ಯೆ ಪಂಕ್ ಹುಟ್ಟಿತು ಎನ್ನುವ ಕಥೆ ಇಲ್ಲಿ ಅಷ್ಟಾಗಿ ಒಪ್ಪುವುದಿಲ್ಲ. ಆದರೆ ಹಳೇ ಪೇಟೆಯಲ್ಲಿ ರಾಟಿಂಗರ್ ಹೋಫ್ ಅಂತ ಒಂದು ಬಾರ್ ಇತ್ತು. ಕಾರ್ಮೆನ್ ಕ್ನೋಬೆಲ್ ಎಂಬ ಮಹಿಳೆ ನಡೆಸುತ್ತಿದ್ದರು. ಒಳಗೆ ಅಲಂಕಾರ ಇಲ್ಲ, ಕಣ್ಣು ಕುಕ್ಕುವ ಟ್ಯೂಬ್‌ಲೈಟು. ಹತ್ತಿರದಲ್ಲೇ ಕಲಾ ಅಕಾಡೆಮಿ. ಹಾಗಾಗಿ ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಕೂದಲು ಕೆದರಿಕೊಂಡ ಹೈಸ್ಕೂಲು ಹುಡುಗರು ಒಂದೇ ಕೌಂಟರಿನಲ್ಲಿ ಬಿಯರ್ ಕುಡಿಯುತ್ತಿದ್ದರು. ಮಾಲೆ, ಮಿಟಾಗ್ಸ್‌ಪೌಜೆ, ಫೆಲ್‌ಫಾರ್ಬೆನ್ ಥರದ ಬ್ಯಾಂಡುಗಳೆಲ್ಲ ಈ ಬಾರಿನ ಸುತ್ತಮುತ್ತಲೇ ಬೆಳೆದವು. ಅದೇ ಊರಿನಲ್ಲಿ ಇನ್ನೊಂದು ಕಡೆ ಕ್ರಾಫ್ಟ್‌ವೆರ್ಕ್ ಯಂತ್ರಗಳ ಸಂಗೀತ ಮಾಡುತ್ತಾ ಜಗತ್ತಿನಲ್ಲೆಲ್ಲ ಹೆಸರಾಗಿತ್ತು. ಒಂದು ಊರಿಗೆ ಇಷ್ಟು ಜಾಸ್ತಿಯೇ ಆಯಿತು ಅನ್ನಬಹುದು.

ಈ ಹುಡುಗರಲ್ಲಿ ಒಬ್ಬ ಆಂಡ್ರಿಯಾಸ್ ಫ್ರೇಗೆ. ಎಲ್ಲರೂ ಕರೆಯುವುದು ಕಾಂಪಿನೊ ಅಂತ. ಹುಟ್ಟಿದ್ದು 1962ರಲ್ಲಿ. ಅಪ್ಪ ನ್ಯಾಯಾಧೀಶ, ಅಮ್ಮ ಇಂಗ್ಲೆಂಡಿನವರು. ಮನೆಯಲ್ಲಿ ಎರಡೂ ಭಾಷೆ. ಲಿವರ್‌ಪೂಲ್ ಫುಟ್‌ಬಾಲ್ ತಂಡದ ಹುಚ್ಚು ಆಗಲೇ ಹತ್ತಿತ್ತು. ಅದು ಮುಂದೆ ಹಾಡುಗಳಿಗೂ ಹತ್ತಿತು, ಆ ವಿಷಯಕ್ಕೆ ಬರುತ್ತೇನೆ. ಕಾಂಪಿನೊ ಮತ್ತು ಗಿಟಾರಿನ ಆಂಡ್ರಿಯಾಸ್ ಫಾನ್ ಹೋಲ್ಸ್ಟ್, ಅಂದರೆ ಕುಡ್ಡೆಲ್, ಮೊದಲು ಝೆಡ್‌ಕಾ ಎಂಬ ಬ್ಯಾಂಡಿನಲ್ಲಿದ್ದರು. ಅದು ಒಡೆದು ಹೋಯಿತು. 1982ರಲ್ಲಿ ಹೊಸದು ಕಟ್ಟಿದರು. ಗಿಟಾರಿಗೆ ಬ್ರೈಟಿ, ಬಾಸ್‌ಗೆ ಆಂಡಿ, ಡ್ರಮ್ಸ್‌ಗೆ ಟ್ರೀನಿ ಟ್ರಿಮ್‌ಪಾಪ್. 'ಟೋಟೆ ಹೋಜೆ' ಅಂದರೆ ಅಲ್ಲಿನ ಆಡುಮಾತಿನಲ್ಲಿ 'ಇಲ್ಲಿ ಏನೂ ನಡೀತಿಲ್ಲ, ಬರೀ ಬೋರು' ಅಂತ. ಪದಕ್ಕೆ ಪದ ಹಿಡಿದರೆ 'ಸತ್ತ ಪ್ಯಾಂಟುಗಳು'. ಬ್ರೆಮೆನ್ ಊರಿನ ಮೊದಲ ಕಛೇರಿಯ ಪೋಸ್ಟರಿನಲ್ಲಿ ಒಂದಕ್ಷರ ತಪ್ಪಾಗಿ 'ಸತ್ತ ಮೊಲಗಳು' ಅಂತ ಅಚ್ಚಾಗಿತ್ತು.

ಕಾಂಪಿನೊ, ಕುಡ್ಡೆಲ್, ಬ್ರೈಟಿ, ಆಂಡಿ. ಈ ನಾಲ್ವರು ಅವತ್ತಿನಿಂದ ಜೊತೆಗೇ ಇದ್ದಾರೆ. ಮುಖ್ಯವಾಗಿ ಬದಲಾಗಿದ್ದು ಡ್ರಮ್ಸ್ ಬಾರಿಸುವವರು. ರಾಕ್ ಸಂಗೀತದಲ್ಲಿ ಇದು ಸಣ್ಣ ವಿಷಯವಲ್ಲ ಬಿಡಿ.

ಈಗ ಆ ಮೊದಲ ಕಾಲದ ಹಾಡಿಗೆ ಬರೋಣ. 1983. 'ಐಸ್‌ಗೆಕ್ಯುಲ್ಟರ್ ಬೊಮ್ಮರ್‌ಲುಂಡರ್'. ಬೊಮ್ಮರ್‌ಲುಂಡರ್ ಎಂಬುದು ಜರ್ಮನಿಯ ಉತ್ತರದ ತುದಿಯ ಒಂದು ಮದ್ಯ, ಐಸಿನಂತೆ ತಣ್ಣಗಿರಬೇಕು. ಹಾಡಿನ ವಿಷಯ ಇಷ್ಟೇ: ಹ್ಯಾಮ್ ಇಟ್ಟ ಬ್ರೆಡ್ಡು, ಮೊಟ್ಟೆ ಇಟ್ಟ ಬ್ರೆಡ್ಡು, ಜೊತೆಗೆ ತಣ್ಣನೆಯ ಬೊಮ್ಮರ್‌ಲುಂಡರ್. ಮುಗಿಯಿತು. ಕ್ರಾಂತಿ ಇಲ್ಲ, ಸಿಟ್ಟು ಇಲ್ಲ. ಅದನ್ನೇ ಮತ್ತೆ ಹಾಡುತ್ತಾರೆ, ಸ್ವಲ್ಪ ವೇಗವಾಗಿ. ಮತ್ತೆ, ಇನ್ನೂ ವೇಗವಾಗಿ. ಕೊನೆಗೆ ನಾಲಿಗೆ ತೊಡರಿ ಪದಗಳು ಪುಡಿಪುಡಿ ಆಗುತ್ತವೆ. ಭಜನೆಯಲ್ಲಿ ನಾಮ ಹಿಡಿದು ಲಯ ಏರಿಸುತ್ತಾ ಹೋಗುತ್ತಾರಲ್ಲ, ಹೆಚ್ಚುಕಡಿಮೆ ಅದೇ ಯಂತ್ರ. ಮೊದಲ ಸುತ್ತಿನಲ್ಲಿ ಕೇಳುತ್ತಾ ನಿಂತವನೂ ಮೂರನೇ ಸುತ್ತಿಗೆ ಗಾಯಕ ಆಗಿಬಿಡುತ್ತಾನೆ. ಕಲಿಯಲು ಏನೂ ಇಲ್ಲ, ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇದರ ವಿಡಿಯೊ ಇನ್ನೊಂದು ಕಥೆ. ಬವೇರಿಯಾದ ಒಂದು ಹಳ್ಳಿ ಚರ್ಚಿನಲ್ಲಿ ಚಿತ್ರೀಕರಣ. ಅಲ್ಲಿ ಒಂದು ಮದುವೆ ನಡೆದು ಎಲ್ಲ ಎಕ್ಕುಟ್ಟಿ ಹೋಗುವ ಕಥೆ. ಪಾದ್ರಿಯಾಗಿ ಕುರ್ಟ್ ರಾಬ್, ವಧುವಾಗಿ ಮರಿಯಾನೆ ಝೇಗೆಬ್ರೆಖ್ಟ್, ಇಬ್ಬರೂ ನಂತರದ ಕಾಲದಲ್ಲೂ ನೆನಪಿನಲ್ಲಿ ಉಳಿದ ನಟರು. ವಿಡಿಯೊ ನೋಡಿದ ಊರಿನವರು ಕೆಂಡವಾದರು. ಚರ್ಚನ್ನು ಮತ್ತೆ ಶುದ್ಧಿ ಮಾಡಬೇಕಾಯಿತು. ಟಿವಿಯವರು ತೋರಿಸಲಿಲ್ಲ. ಅದೇ ವರ್ಷ ಇದೇ ಹಾಡನ್ನು ನ್ಯೂಯಾರ್ಕಿನ ಫ್ಯಾಬ್ ಫೈವ್ ಫ್ರೆಡ್ಡಿ ಜೊತೆ ಸೇರಿ ಹಿಪ್‌ಹಾಪ್ ಮಾಡಿದರು. ಜರ್ಮನಿಯಲ್ಲಿ ರ‍್ಯಾಪ್ ಅಂದರೆ ಏನು ಅಂತ ಹೆಚ್ಚಿನವರಿಗೆ ಗೊತ್ತೇ ಇಲ್ಲದ ಕಾಲದಲ್ಲಿ!

ಅದೇ 1983ರ ಮಾರ್ಚಿನಲ್ಲಿ ಇನ್ನೊಂದು ಚರ್ಚು. ಇದು ಪೂರ್ವ ಬರ್ಲಿನ್ನಿನ ರುಮ್ಮೆಲ್ಸ್‌ಬುರ್ಗ್ ಬಡಾವಣೆಯದು. ಆ ಕಡೆಯ ಜರ್ಮನಿಯಲ್ಲಿ ಪಂಕ್ ಎಂದರೆ ಪೊಲೀಸರ ಕಣ್ಣಿಗೆ ಅಪರಾಧ. ಸಾರ್ವಜನಿಕವಾಗಿ ನುಡಿಸಲು ಸರ್ಕಾರದ ಪರವಾನಗಿ ಬೇಕು. ಅದು ಪಂಕ್ ಬ್ಯಾಂಡಿಗೆ ಎಲ್ಲಿ ಸಿಗಬೇಕು? ಸರ್ಕಾರದ ಕೈ ಪೂರ್ತಿ ಚಾಚದ ಒಂದೇ ಜಾಗ ಪ್ರಾಟೆಸ್ಟಂಟ್ ಚರ್ಚು. ಮ್ಯಾಂಚೆಸ್ಟರಿನಿಂದ ಬಂದು ಪಶ್ಚಿಮ ಬರ್ಲಿನ್ನಿನಲ್ಲಿ ನೆಲೆಸಿದ್ದ ಮಾರ್ಕ್ ರೀಡರ್ ಎಂಬಾತ ಈ ಸಾಹಸಕ್ಕೆ ಸೂತ್ರಧಾರ. ಹೆಸರಿಗೆ ಅದು ಪ್ರಾರ್ಥನೆ. ಬ್ಯಾಂಡಿನವರು ಪ್ರವಾಸಿಗರ ಸೋಗಿನಲ್ಲಿ ಗಡಿ ದಾಟಿದರು. ಗಿಟಾರು ಹೊತ್ತು ದಾಟುವ ಹಾಗಿಲ್ಲ. ಅಲ್ಲಿನ ಪಂಕ್ ಹುಡುಗರ ಬ್ಯಾಂಡು ಪ್ಲಾನ್‌ಲೋಸ್ ತಮ್ಮ ವಾದ್ಯಗಳನ್ನು ಕೊಟ್ಟರು. ಕೇಳಲು ಬಂದವರು ಬೆರಳೆಣಿಕೆಯಷ್ಟು ಜನ, ಎಲ್ಲರೂ ನಂಬಿಕಸ್ತರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪಶ್ಚಿಮದ ಹುಡುಗರಿಗೆ ಅದು ಒಂದು ಸಾಹಸ. ರಾತ್ರಿಯೊಳಗೆ ವಾಪಸ್ಸು ಮನೆಗೆ. ವಾದ್ಯ ಕೊಟ್ಟವರು ಅಲ್ಲೇ ಉಳಿದರು. ಅದೇ ವರ್ಷ ಗುಪ್ತ ಪೊಲೀಸ್ ಇಲಾಖೆ ಸ್ಟಾಸಿ ಪಂಕ್‌ಗಳನ್ನು ಹತ್ತಿಕ್ಕಲು ನಿಂತಿತು. ಎಷ್ಟೋ ಹುಡುಗರನ್ನು ಜೈಲಿಗೆ ಹಾಕಿದರು, ಕೆಲವರನ್ನು ಸೈನ್ಯಕ್ಕೆ ಎಳೆದುಕೊಂಡು ಹೋದರು. ಬ್ಯಾಂಡಿನ ಕಥೆ ಹೇಳುವಾಗ ಈ ಚರ್ಚಿನ ಪ್ರಸಂಗ ಎಲ್ಲರೂ ಹೇಳುತ್ತಾರೆ, ರೋಚಕವಾಗಿದೆ. ಬೆಲೆ ತೆತ್ತವರು ಮಾತ್ರ ಬೇರೆ. 1988ರಲ್ಲಿ ಪಾಂಕೋ ಬಡಾವಣೆಯ ಚರ್ಚಿನಲ್ಲಿ ಮತ್ತೊಮ್ಮೆ ಹೀಗೇ ಕದ್ದು ನುಡಿಸಿದರು. ಮರುವರ್ಷ ಗೋಡೆಯೇ ಬಿತ್ತು.

ಎಂಬತ್ತರ ದಶಕದ ಆಲ್ಬಮ್‌ಗಳನ್ನೆಲ್ಲ ಒಂದೊಂದಾಗಿ ಹೇಳುವುದಿಲ್ಲ. 'ಓಪೆಲ್-ಗ್ಯಾಂಗ್' ಇಂದ ಶುರು. ಕುಡಿತ, ಗಲಾಟೆ, ತಮಾಷೆ. 1987ರಲ್ಲಿ ಮಾತ್ರ ಒಂದು ಜಾಣ ಕೆಲಸ ಮಾಡಿದರು. ಅಲ್ಲಿ ಶ್ಲಾಗರ್ ಅಂತ ಒಂದು ಬಗೆಯ ಹಾಡು ಇದೆ. ಪ್ರೀತಿ, ಸಮುದ್ರ, ರಜೆ, ಸಿಹಿ ಸಿಹಿ ರಾಗ, ಅಪ್ಪ ಅಮ್ಮ ಟಿವಿ ಮುಂದೆ ಕೂತು ಕೇಳುವಂಥದ್ದು. ಪಂಕ್‌ಗಳಿಗೆ ಅದನ್ನು ಕಂಡರಾಗದು. ಇವರು 'ಡೀ ರೋಟೆನ್ ರೋಜೆನ್', ಅಂದರೆ ಕೆಂಪು ಗುಲಾಬಿಗಳು, ಎಂಬ ಸುಳ್ಳು ಹೆಸರಿಟ್ಟುಕೊಂಡು ಒಂದು ಆಲ್ಬಮ್ ಪೂರ್ತಿ ಶ್ಲಾಗರ್ ಹಾಡುಗಳನ್ನು ಪಂಕ್ ವೇಗದಲ್ಲಿ ಬಾರಿಸಿದರು. ಗೇಲಿ ಮಾಡಲು ಹೊರಟಿದ್ದೇ ನಿಜ. ಆದರೆ ಕೇಳಿ ನೋಡಿ, ಆ ರಾಗಗಳ ಮೇಲೆ ಅವರಿಗೆ ಎಷ್ಟು ಪ್ರೀತಿ ಅಂತ ಗೊತ್ತಾಗುತ್ತದೆ. ಒಂದು ಪಲ್ಲವಿ ಜನರ ಬಾಯಿಗೆ ಹೇಗೆ ಹತ್ತುತ್ತದೆ ಎಂಬ ವಿದ್ಯೆಯನ್ನು ಅವರು ಶತ್ರುವಿನ ಪಾಳಯದಿಂದಲೇ ಕಲಿತರು ಅನ್ನುವುದು ನನ್ನ ಊಹೆ. ಇನ್ನೊಂದು ಪಾಠಶಾಲೆ ಫುಟ್‌ಬಾಲ್ ಮೈದಾನದ ಗ್ಯಾಲರಿ. ಅಲ್ಲಿ ಉದ್ದ ಸಾಲು ನಡೆಯುವುದಿಲ್ಲ. ನಾಲ್ಕು ಪದ, ಎತ್ತರದ ಒಂದು ಸ್ವರ, ನಡುವೆ ಉಸಿರು ಎಳೆದುಕೊಳ್ಳಲು ಜಾಗ. ಹೋಜೆನ್ ಪಲ್ಲವಿಗಳನ್ನು ಈ ಕಿವಿಯಿಂದ ಕೇಳಿ.

1988ರಲ್ಲಿ ಬಂತು ಅವರ ಬದುಕು ಬದಲಿಸಿದ ಹಾಡು. ಆ್ಯಂಟನಿ ಬರ್ಜೆಸ್ ಅವರ 'ಎ ಕ್ಲಾಕ್‌ವರ್ಕ್ ಆರೆಂಜ್' ಕಾದಂಬರಿಯನ್ನು ಬಾನ್ ನಗರದಲ್ಲಿ ನಾಟಕ ಮಾಡಿದರು. ಬ್ಯಾಂಡಿನವರೇ ಸಂಗೀತ, ಅವರೇ ರಂಗದ ಮೇಲೂ ಬಂದರು. ಹಾಡು 'ಹೀರ್ ಕೊಮ್ಟ್ ಅಲೆಕ್ಸ್', ಬರ್ತಿದ್ದಾನೆ ನೋಡಿ ಅಲೆಕ್ಸ್. ಕಥೆಯ ಅಲೆಕ್ಸ್ ಹೊಡೆದಾಟದ ಹುಚ್ಚ, ಬೀಥೋವನ್ ಭಕ್ತ. ಹಾಗಾಗಿ ಆಲ್ಬಮ್ಮಿನ ನಡುನಡುವೆ ಒಂಬತ್ತನೇ ಸಿಂಫನಿ ಇಣುಕುತ್ತದೆ. ಹಾಡಿನ ಚರಣದಲ್ಲಿ ಗಿಟಾರು ತಡೆದು ತಡೆದು ನಡೆಯುತ್ತದೆ, ಗಾಯಕನ ದನಿ ತಗ್ಗಿನಲ್ಲಿದೆ. ಎಲ್ಲರೂ ಒಂದೇ ಥರ ಬದುಕುವ, ಏನೂ ಅನ್ನಿಸದ ಒಂದು ಲೋಕದ ಚಿತ್ರ. ಆಮೇಲೆ ಒಂದೇ ಒಂದು 'ಹೇ!'. ಇಡೀ ಸಭಾಂಗಣ ಮೇಲಕ್ಕೆ ಹಾರುತ್ತದೆ. ಅಲೆಕ್ಸ್ ಕ್ರೂರಿ, ಅವನನ್ನು ಸ್ವಾಗತಿಸುತ್ತಾ ಎಲ್ಲರೂ ಖುಷಿಯಿಂದ ಕೂಗುತ್ತಿದ್ದಾರೆ. ನಾಟಕದೊಳಗೆ ಇದು ಚುಚ್ಚುವ ವ್ಯಂಗ್ಯ. ಸ್ಟೇಡಿಯಮ್ಮಿನಲ್ಲಿ ಅದು ಬರೀ ಖುಷಿ. ಪಲ್ಲವಿಗೆ ನೆನಪಿನ ಶಕ್ತಿ ಕಡಿಮೆ. ಅದು ಎಲ್ಲಿಂದ ಬಂತು ಅಂತ ಕೇಳುವುದಿಲ್ಲ.

1991ರಲ್ಲಿ ತಮ್ಮ ಗುರುಗಳಿಗೆ ಕಾಣಿಕೆ ಅಂತ 'ಲರ್ನಿಂಗ್ ಇಂಗ್ಲಿಷ್' ಎಂಬ ಆಲ್ಬಮ್ ಮಾಡಿದರು. ಹಳೇ ಪಂಕ್ ಹಾಡುಗಳು, ಸಾಧ್ಯವಾದಷ್ಟು ಮೂಲ ಬ್ಯಾಂಡಿನವರನ್ನೇ ಕರೆದು. ರಮೋನ್ಸ್ ಬ್ಯಾಂಡಿನ ಗಾಯಕ ಜೋಯಿ ರಮೋನ್ ಬಂದರು. ನ್ಯೂಯಾರ್ಕಿನ ಜಾನಿ ಥಂಡರ್ಸ್ ಬಂದು ಗಿಟಾರ್ ನುಡಿಸಿ ಹೋದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ರೈಲು ದರೋಡೆ ಮಾಡಿ ಬ್ರೆಜಿಲ್‌ಗೆ ಓಡಿಹೋಗಿದ್ದ ರೋನಿ ಬಿಗ್ಸ್ ಕೈಲೂ ರಿಯೋದಲ್ಲಿ ಹಾಡಿಸಿದರು. ಮರುವರ್ಷ ಮೊದಲ ಸಲ ಅರ್ಜೆಂಟೀನಾಕ್ಕೆ ಹೋದರು. ಬ್ಯೂನಸ್ ಐರಿಸ್ ಅವರಿಗೆ ಎರಡನೇ ತವರಾಯಿತು. 1996ರಲ್ಲಿ ರಮೋನ್ಸ್ ಬ್ಯಾಂಡು ರಿವರ್ ಪ್ಲೇಟ್ ಸ್ಟೇಡಿಯಮ್ಮಿನಲ್ಲಿ ಅರ್ಜೆಂಟೀನಾಕ್ಕೆ ವಿದಾಯ ಹೇಳಿದಾಗ ಅದೇ ವೇದಿಕೆಯಲ್ಲಿ ಇವರೂ ಇದ್ದರು.

ಈ ನಡುವೆ ಮನೆಯಲ್ಲಿ ಬೆಂಕಿ ಬಿದ್ದಿತ್ತು. ಎರಡೂ ಜರ್ಮನಿ ಒಂದಾದ ಮೇಲೆ ವಲಸಿಗರ ಮೇಲೆ ದಾಳಿಗಳು ಶುರುವಾದವು. 1991ರಲ್ಲಿ ಹೊಯರ್ಸ್‌ವೆರ್ಡಾ, 1992ರಲ್ಲಿ ರೋಸ್ಟಾಕ್, ಮ್ಯೋಲ್ನ್. 1993ರ ಮೇ ತಿಂಗಳಲ್ಲಿ ಡ್ಯೂಸೆಲ್‌ಡಾರ್ಫ್ ಪಕ್ಕದಲ್ಲೇ ಇರುವ ಝೋಲಿಂಗನ್‌ನಲ್ಲಿ ಟರ್ಕಿ ಮೂಲದ ಕುಟುಂಬವೊಂದರ ಮನೆಗೆ ಬೆಂಕಿ ಇಟ್ಟರು. ಐವರು ಹೆಂಗಸರು, ಹೆಣ್ಣುಮಕ್ಕಳು ಸತ್ತರು. 1992ರ ಕೊನೆಗೆ ಬ್ಯಾಂಡು 'ಝಾಷಾ' ಎಂಬ ಹಾಡು ತಂದಿತು. ನವನಾಜಿ ಯುವಕನೊಬ್ಬನ ವ್ಯಂಗ್ಯಚಿತ್ರ, ಅದೂ ಕುಣಿಯುವ ಧಾಟಿಯಲ್ಲಿ. ಬಂದ ಹಣವನ್ನು ಊರಿನ ಜನಾಂಗದ್ವೇಷ ವಿರೋಧಿ ವೇದಿಕೆಗೆ ಕೊಟ್ಟರು. ಮರುವರ್ಷದ 'ಕೌಫ್ ಮಿಶ್!' ಆಲ್ಬಮ್ಮಿನ 'ವಿಲ್‌ಕೊಮ್ಮೆನ್ ಇನ್ ಡಾಯ್ಚ್‌ಲಾಂಡ್' ಹಾಡಿನಲ್ಲಿ ತಮಾಷೆ ಇಲ್ಲ. ಇದು ನನ್ನ ದೇಶವೂ ಹೌದು, ನಾಚಿಕೆಯೂ ಆಗುತ್ತದೆ, ಬಿಟ್ಟುಕೊಡಲೂ ಆಗುವುದಿಲ್ಲ ಎನ್ನುವವನ ದನಿ. ನನಗೆ ಝಾಷಾಗಿಂತ ಇದೇ ಹೆಚ್ಚು ಇಷ್ಟ. ಆ ಆಲ್ಬಮ್ ಅವರನ್ನು ಮೊದಲ ಸಲ ದೇಶದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿಸಿತು.

ದುಡ್ಡು ಬಂತು. ಆಗ ಮಾಡಿದ ಒಂದು ಕೆಲಸ ಹೇಳಲೇಬೇಕು. 1995ರಲ್ಲಿ ಸ್ವಂತ ರೆಕಾರ್ಡ್ ಕಂಪನಿ ಮಾಡಿಕೊಂಡರು. ಹೆಸರು ಜೆಕೆಪಿ. ಬಿಡಿಸಿದರೆ 'ಯೋಖೆನ್‌ನ ಸಣ್ಣ ರೆಕಾರ್ಡ್ ಕಂಪನಿ'. ಯೋಖೆನ್ ಹ್ಯೂಲ್ಡರ್ ಎಂದರೆ ಬ್ಯಾಂಡಿನ ಮ್ಯಾನೇಜರ್. ಆಲ್ಬಮ್ಮು, ಟಿಕೆಟ್ಟು, ಟೀ ಶರ್ಟು ಎಲ್ಲ ತಮ್ಮ ಕೈಯಲ್ಲೇ. ಪಂಕ್‌ನ 'ನೀನೇ ಮಾಡಿಕೋ' ಎಂಬ ಮಾತನ್ನು ವ್ಯಾಪಾರದಲ್ಲಿ ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದವರು ಕಡಿಮೆ. ಊರಿನ ಫುಟ್‌ಬಾಲ್ ತಂಡ ಫೋರ್ಟೂನಾ ಕಷ್ಟದಲ್ಲಿದ್ದಾಗಲೂ ಹಾಗೇ. 1989ರಲ್ಲಿ ಕಛೇರಿಯ ಪ್ರತಿ ಟಿಕೆಟ್ಟಿನಲ್ಲಿ ಒಂದು ಮಾರ್ಕ್ (ಆಗಿನ ಜರ್ಮನ್ ಹಣ) ತೆಗೆದಿಟ್ಟು ಆಂಟನಿ ಬಾಫೋ ಎಂಬ ಆಟಗಾರನನ್ನು ತಂಡಕ್ಕೆ ತರಲು ಕೊಟ್ಟಿದ್ದರು. 2000ದ ನಂತರ ತಂಡ ಕೆಳಗಿನ ದರ್ಜೆಗೆ ಜಾರಿದಾಗ ಆಟಗಾರರ ಎದೆಯ ಮೇಲೆ ಬ್ಯಾಂಡಿನ ತಲೆಬುರುಡೆಯ ಚಿಹ್ನೆ ಬಂತು.

1997ರ ಜೂನ್ 28. ಊರಿನ ರೈನ್‌ಸ್ಟಾಡಿಯೋನ್‌ನಲ್ಲಿ ಅವರ ಸಾವಿರದ ಕಛೇರಿ. ಸ್ಟೇಡಿಯಮ್ಮು ತುಂಬಿತ್ತು. ವೇದಿಕೆ ಮುಂದಿನ ನೂಕುನುಗ್ಗಲಿನಲ್ಲಿ ಹದಿನಾರರ ಒಬ್ಬ ಹುಡುಗಿ ಸತ್ತುಹೋದಳು. ಕಛೇರಿ ನಿಂತಿತು. ಏಕಾಏಕಿ ಮುಗಿಸಿದರೆ ಜನ ಗಾಬರಿಯಾಗಿ ಇನ್ನಷ್ಟು ಅನಾಹುತ ಆದೀತು ಎಂಬ ಭಯ. ವಿಷಯ ಗೊತ್ತಿದ್ದೂ ಮತ್ತೆ ವೇದಿಕೆ ಹತ್ತಿ ನಿಧಾನದ ಹಾಡುಗಳನ್ನು ಹಾಡಿ ಮುಗಿಸಬೇಕಾಯಿತು. ಮುಂದಿನ ಕಛೇರಿಗಳನ್ನು ರದ್ದು ಮಾಡಿದರು. ಬ್ಯಾಂಡು ಇರಬೇಕೋ ಬೇಡವೋ ಎನ್ನುವವರೆಗೂ ಹೋಯಿತು. ಇದರ ಮೇಲೆ ನಾನು ಜಾಸ್ತಿ ಹೇಳಲಾರೆ. ಎರಡು ವರ್ಷದ ನಂತರ ಬಂದ 'ಉನ್‌ಸ್ಟೆರ್ಬ್‌ಲಿಶ್' ಆಲ್ಬಮ್ಮಿನಲ್ಲಿ ದನಿ ಇಳಿದಿದೆ, ವೇಗವೂ ಇಳಿದಿದೆ. ಅಷ್ಟು ಹೊತ್ತಿಗೆ ಡ್ರಮ್ಸ್‌ನ ವ್ಯೋಲಿ ಆರೋಗ್ಯ ಕೆಟ್ಟು ಹಿಂದೆ ಸರಿದಿದ್ದರು. ಅವರ ಜಾಗಕ್ಕೆ ಇಂಗ್ಲೆಂಡಿನ ಫಾಮ್ ರಿಚೀ ಬಂದರು, ಇಂದಿಗೂ ಅವರೇ. ವ್ಯೋಲಿ 2016ರಲ್ಲಿ, ಅದರ ಹಿಂದಿನ ವರ್ಷ ಯೋಖೆನ್ ತೀರಿಕೊಂಡರು. ಬ್ಯಾಂಡಿನವರು ತಮಗೂ ತಮ್ಮ ಜೊತೆಗಾರರಿಗೂ ಸೇರಿ ಊರಿನ ಸ್ಮಶಾನದಲ್ಲಿ ಒಂದೇ ಕಡೆ ಜಾಗ ಕೊಂಡಿಟ್ಟಿದ್ದಾರೆ. ಇಬ್ಬರೂ ಅಲ್ಲೇ ಇದ್ದಾರೆ.

ಈಗ ಆ 'ಇಂಥ ದಿನಗಳು' ಹಾಡು. 2012. ಕಾಂಪಿನೊ ಜೊತೆ ಇದನ್ನು ಬರೆದವರು ಆಸ್ಟ್ರಿಯಾದ ನಟಿ ಬಿರ್ಗಿಟ್ ಮಿನಿಖ್‌ಮಾಯರ್. 2006ರಲ್ಲಿ ಬರ್ಲಿನ್ನಿನಲ್ಲಿ ಬ್ರೆಖ್ಟ್‌ನ 'ಮೂರು ಕಾಸಿನ ಆಪೆರಾ' ಆಡಿದಾಗ ಕಾಂಪಿನೊ ಮ್ಯಾಕಿ, ಆಕೆ ಪಾಲಿ. ಹಾಡಿನಲ್ಲಿ ಕಥೆ ಅಂತ ಏನಿಲ್ಲ. ಗೆಳೆಯರು ಸೇರುತ್ತಾರೆ, ಜನಜಂಗುಳಿಯೊಳಗೆ ನುಗ್ಗುತ್ತಾರೆ, ಈ ದಿನ ಮುಗಿಯದೇ ಇರಲಿ ಅನ್ನಿಸುತ್ತದೆ. ಗಿಟಾರಿನ ಒಂದು ಸಣ್ಣ ಸುತ್ತು, ಆಮೇಲೆ ಎದೆ ತುಂಬಿ ಹಾಡುವ ಪಲ್ಲವಿ. ಯಾವ ದಿನ? ಯಾರ ದಿನ? ಹೇಳಿಲ್ಲ. ಹಾಗಾಗಿ ಫುಟ್‌ಬಾಲ್ ಗೆದ್ದವರಿಗೂ ಆಯಿತು, ಮದುವೆ ಮನೆಗೂ ಆಯಿತು, ಚುನಾವಣೆ ಗೆದ್ದವರಿಗೂ ಆಯಿತು. ಬೊಮ್ಮರ್‌ಲುಂಡರ್ ಹಾಡಿನ ಬ್ರೆಡ್ಡಿನ ಜಾಗದಲ್ಲಿ ಈಗ ಒಂದು ಭಾವನೆ ಇದೆ, ಬಾಗಿಲು ಅಷ್ಟೇ ಅಗಲ. ಬಾಗಿಲಲ್ಲಿ ಕಾವಲು ಹಾಕದೆ ಮೂವತ್ತು ವರ್ಷ ಎಲ್ಲರನ್ನೂ ಒಳಗೆ ಬಿಟ್ಟವರು, ಒಂದು ದಿನ ಫೋಲ್ಕರ್ ಕೌಡರ್ ಬಂದಾಗ ಹೇಗೆ ತಡೆಯುತ್ತಾರೆ ಹೇಳಿ?

ತಡೆಯಲಾಗದಿದ್ದರೂ ತಾವೆಲ್ಲಿ ನಿಲ್ಲಬೇಕು ಅನ್ನುವುದು ಅವರ ಕೈಯಲ್ಲೇ ಇತ್ತು. ಅದೇ 2013ರ ಅಕ್ಟೋಬರಿನಲ್ಲಿ ಊರಿನ ಟೋನ್‌ಹಾಲೆಯಲ್ಲಿ ಸಂಗೀತ ಶಾಲೆಯ ವಿದ್ಯಾರ್ಥಿಗಳ ಆರ್ಕೆಸ್ಟ್ರಾ ಜೊತೆ ಕಛೇರಿ ಮಾಡಿದರು. 1938ರಲ್ಲಿ ನಾಜಿಗಳು ಇದೇ ಊರಿನಲ್ಲಿ 'ಕೆಟ್ಟ ಸಂಗೀತ' ಅಂತ ಪ್ರದರ್ಶನ ಇಟ್ಟು ಯಹೂದಿ ಮತ್ತು ಹೊಸ ಬಗೆಯ ಸಂಗೀತಗಾರರನ್ನು ಅವಮಾನಿಸಿದ್ದರು. ಅದಕ್ಕೆ 75 ವರ್ಷ. ಶೋನ್‌ಬರ್ಗ್, ಕುರ್ಟ್ ವೈಲ್ ಅವರ ಸಂಗೀತ, ನಾಜಿ ಸೆರೆಶಿಬಿರದ ಕೈದಿಗಳು 1933ರಲ್ಲಿ ಕಟ್ಟಿದ ಹಾಡು, ಜೊತೆಗೆ ತಮ್ಮವೂ ಕೆಲವು. 2018ರಲ್ಲಿ ಕೆಮ್ನಿಟ್ಸ್ ಊರಿನಲ್ಲಿ ಬಲಪಂಥೀಯರು ಬೀದಿಗಿಳಿದು ವಲಸಿಗರನ್ನು ಅಟ್ಟಾಡಿಸಿದಾಗ, ಸೆಪ್ಟೆಂಬರ್ 3ರಂದು ಅಲ್ಲಿ ಟಿಕೆಟ್ ಇಲ್ಲದ ಕಛೇರಿ ನಡೆಯಿತು. 65,000 ಜನ. ಅಲ್ಲಿ ಹೋಜೆನ್ ನುಡಿಸಿದ್ದು ತಮ್ಮ ಹಾಡುಗಳನ್ನಷ್ಟೇ ಅಲ್ಲ. ಬಹಳ ವರ್ಷ ಪತ್ರಿಕೆಗಳು ಅವರ ಎದುರಾಳಿ ಎಂದೇ ಬರೆದ ಬರ್ಲಿನ್ನಿನ ಬ್ಯಾಂಡು ಡೀ ಎರ್ಟ್‌ಸೆ. ಅವರ ನಾಜಿ ವಿರೋಧಿ ಹಾಡನ್ನು, ಅವರ ಬಾಸ್ ವಾದಕ ರೋಡ್ ಎಂಬವರನ್ನೇ ವೇದಿಕೆಗೆ ಕರೆದು ಹಾಡಿದರು.

ಕಾಂಪಿನೊಗೆ ಈಗ ಅರವತ್ತು ದಾಟಿದೆ. ಹುಡುಗನಾಗಿದ್ದಾಗ ಸೈನ್ಯದ ಸೇವೆ ಬೇಡ ಎಂದವರು. ಉಕ್ರೇನ್ ಯುದ್ಧ ಶುರುವಾದ ಮೇಲೆ, ಈಗ ಆಗಿದ್ದರೆ ಬಹುಶಃ ನಿರಾಕರಿಸುತ್ತಿರಲಿಲ್ಲ ಎಂದರು. ಹಳೇ ಅಭಿಮಾನಿಗಳು ಸಿಟ್ಟಾದರು. 2024ರಲ್ಲಿ ಡ್ಯೂಸೆಲ್‌ಡಾರ್ಫಿನ ಹೈನೆ ವಿಶ್ವವಿದ್ಯಾಲಯ ಅವರನ್ನು ಅತಿಥಿ ಪ್ರಾಧ್ಯಾಪಕ ಮಾಡಿತು. ಆ ಕುರ್ಚಿಯಲ್ಲಿ ನಿಂತು ಅವರು ಮಾತಾಡಿದ್ದು ಬಳಕೆಯ ಕಾವ್ಯದ ಬಗ್ಗೆ, ಅಂದರೆ ಜನ ದಿನನಿತ್ಯ ಉಪಯೋಗಿಸಬಹುದಾದ ಪದ್ಯ. ಜರ್ಮನ್ ಕವಿ ಎರಿಶ್ ಕೆಸ್ಟ್‌ನರ್, ಕ್ರಾಫ್ಟ್‌ವೆರ್ಕ್, ಇಂಗ್ಲೆಂಡಿನ ಪಂಕ್ ಬ್ಯಾಂಡು ಕಾಕ್ ಸ್ಪ್ಯಾರರ್, ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು.

ಇನ್ನೇನು ಹಾಡು ಹಾಕುವ ಹೊತ್ತಾಯಿತು. ಜರ್ಮನ್ ಬರದಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಮುಂದಿನ ಸಾಲಿನಿಂದ ಆಗಲೇ ಒಬ್ಬರು ಕೇಳಿದ್ದರು. 'ಇಂಥ ದಿನಗಳು' ಇಂದ ಬೇಡ, ಅದು ಕೊನೆಗಿರಲಿ. 2005ರಲ್ಲಿ ವಿಯೆನ್ನಾದ ಬುರ್ಗ್‌ಥಿಯೇಟರಿನಲ್ಲಿ ಕರೆಂಟು ಗಿಟಾರ್ ಬಿಟ್ಟು ನುಡಿಸಿದ ಕಛೇರಿ ಸಿಗುತ್ತದೆ. ಅಲ್ಲಿ ಅಲೆಕ್ಸ್ ಹಾಡು ಪಿಯಾನೊದಲ್ಲಿ ಬೀಥೋವನ್‌ನ ಮೂನ್‌ಲೈಟ್ ಸೊನಾಟಾ ಇಂದ ಶುರುವಾಗುತ್ತದೆ. ಅದೇ ಕಛೇರಿಯಲ್ಲಿ 'ನೂರ್ ಟ್ಸು ಬೆಸೂಖ್' ಇದೆ, ತೀರಿಹೋದ ಅಮ್ಮನ ಸಮಾಧಿಗೆ ಹೋಗಿ ಬರುವ ಮಗನ ಹಾಡು. ಅದಾದ ಮೇಲೆ ಬೊಮ್ಮರ್‌ಲುಂಡರ್ ಹಾಕಿ. ಐದನೇ ಸುತ್ತಿನವರೆಗೆ ಪದ ಬಿಡದೆ ಜೊತೆಗೆ ಹಾಡಲು ಆದರೆ ನನಗೆ ಹೇಳಿ. ನನಗಂತೂ ಇನ್ನೂ ಆಗಿಲ್ಲ.